ಕಾರ್ಕಳದ ಕೋರೆಯ ಹಸಿರು ದೀಪ

ರೇಣುಕವ್ವ ಮಹಡಿಯ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಾಗ ಬ್ಯಾಪ್ಟಿಸ್ಟ್ ಚಹಾದಲ್ಲಿ ಬಿಸ್ಕತ್ತು ಅದ್ದುತ್ತ ಕುಳಿತಿದ್ದ. ಅವಳು ಒಳಗೆ ಬರಲಿಲ್ಲ, ಕುರ್ಚಿ ತೋರಿಸಿದರೆ ಕೂರಲಿಲ್ಲ. ನಿಂತಲ್ಲಿಂದಲೇ ಹೇಳಿದಳು:

"ನನ್ನ ದೊಡ್ಡ ಮಗ ಸಣ್ಣ ಮಗನ ಕಾಲು ತಗದಾನ ಅಂತಾರ್ರೀ ಎಲ್ಲಾರೂ. ಅಂವ ಇಲ್ಲ ಅಂತಾನ. ಖರೇ ಯಾವುದು, ಸುಳ್ಳು ಯಾವುದು, ನಿಮ್ಮ ಬಾಯಾರು ನೋಡಿ ಹೇಳ್ಲಿ. ಅಂವ ಮಾಡಿದ್ದು ಖರೇ ಇದ್ರ ಇವತ್ತಿಂದ ನನಗ ಒಬ್ಬನೇ ಮಗ."

ಬಿಸ್ಕತ್ತು ಮುರಿದು ಚಹಾದ ತಳ ಸೇರಿತು. ಬೇರೆ ದಿನವಾಗಿದ್ದರೆ ಬ್ಯಾಪ್ಟಿಸ್ಟ್ ಅದಕ್ಕೊಂದು ಗೊಣಗಾಟ ನಡೆಸುತ್ತಿದ್ದ. ಅವತ್ತು ಲೋಟ ಬದಿಗಿಟ್ಟು ಎದ್ದು ನಿಂತ. ಕಾಪುವಿನಲ್ಲಿ ಅವನ ಮನೆ ಕಟ್ಟುವಾಗ ತಲೆಯ ಮೇಲೆ ಕಲ್ಲು ಹೊತ್ತವಳು ಈ ರೇಣುಕವ್ವ. ಆಗ ಗೋಡೆಯ ನೆರಳಲ್ಲಿ ಆಡುತ್ತಿದ್ದ ಇಬ್ಬರು ಹುಡುಗರನ್ನು ಅವನು ಕಂಡಿದ್ದ. ದೊಡ್ಡವನು ಚಿಕ್ಕವನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಮುದ್ರ ತೋರಿಸಲು ಹೋಗುತ್ತಿದ್ದ.

ಅವಳು 'ಬಾಯಾರು' ಎಂದದ್ದು ಝೀಟಾ ಮಿನೇಜಸ್ ಅವರನ್ನು. ಝೀಟಾ ಬಾಯಿ ಮಣಿಪಾಲದಲ್ಲಿ ಎಷ್ಟೋ ವರ್ಷ ಮಕ್ಕಳಿಗೆ ಕಂಪ್ಯೂಟರ್ ಕಲಿಸಿದವರು. ಆಮೇಲೆ ಮೇಲಿನವರ ಜೊತೆ ಜಗಳ ಕಾದು, ರಾಜೀನಾಮೆ ಬಿಸಾಡಿ, ಉಡುಪಿಯ ಬಸ್ ನಿಲ್ದಾಣದ ಎದುರು ಈ ಎರಡು ಕೋಣೆಯಲ್ಲಿ ಪತ್ತೇದಾರಿ ಕಚೇರಿ ತೆರೆದರು. ಊರವರು ಮೊದಲು ನಕ್ಕರು. ನಕ್ಕವರಲ್ಲೇ ಕೆಲವರು ಆಮೇಲೆ ತಲೆ ತಗ್ಗಿಸಿಕೊಂಡು ಇದೇ ಮೆಟ್ಟಿಲು ಹತ್ತಿದ್ದುಂಟು. ಬ್ಯಾಪ್ಟಿಸ್ಟ್ ಗಲ್ಫಿನಿಂದ ಹಿಂದಿರುಗಿ ಮನೆಯಲ್ಲಿ ಕುಳಿತು ಹೆಂಡತಿಯ ತಲೆ ತಿನ್ನುತ್ತಿದ್ದ ಮನುಷ್ಯ. ಅವಳೇ ಇವನನ್ನು ಇಲ್ಲಿಗೆ ಅಟ್ಟಿದಳು. ಫೋನು ಎತ್ತುವುದು, ಬಂದವರನ್ನು ಮಾತಾಡಿಸುವುದು, ಬಾಯಿ ಹೋದಲ್ಲೆಲ್ಲ ಹಿಂದೆ ಹೋಗುವುದು ಅವನ ಕೆಲಸ.

ರೇಣುಕವ್ವ ಹೇಳಿದ ಕತೆ ಇಷ್ಟು. ಕಾರ್ಕಳದಾಚೆಯ ಒಂದು ಗುಡ್ಡದಲ್ಲಿ ಎರಡು ಕಲ್ಲುಕೋರೆಗಳಿವೆ, ಮೇಲಿನದ್ದು ಒಬ್ಬರದು, ಕೆಳಗಿನದ್ದು ಇನ್ನೊಬ್ಬರದು. ದೊಡ್ಡ ಮಗ ಶರಣಬಸಪ್ಪ ಕೆಳಗಿನ ಕೋರೆಯಲ್ಲಿ ಬಂಡೆ ಸಿಡಿಸುವವನು. ಚಿಕ್ಕವನು ದುರ್ಗೇಶ ಮೇಲಿನ ಕೋರೆಯಲ್ಲಿ ಕುಳಿಗೆ ಮದ್ದು ತುಂಬುವವನು. ಒಂದು ಕಡೆಯವರು ಬಯಲಲ್ಲಿ ಮದ್ದು ತುಂಬುತ್ತಿರುವಾಗ ಇನ್ನೊಂದು ಕಡೆ ಸಿಡಿಸಬಾರದು. ಕಲ್ಲು ಹಾರಿ ಬಂದರೆ ಹೆಣ ಬೀಳುತ್ತದೆ. ಅದಕ್ಕೇ ಸರದಿ. ಹಿಂದೆ ಬಾವುಟ, ಸೀಟಿ ಇತ್ತು. ಈಗ ಎರಡೂ ಕೋರೆಯ ಮಾಲೀಕರು ಸೇರಿ ಮಣಿಪಾಲದಿಂದ ಕಂಪ್ಯೂಟರ್ ವ್ಯವಸ್ಥೆ ಮಾಡಿಸಿದ್ದಾರೆ. ಒಂದೊಂದು ಕೋರೆಯಲ್ಲೂ ಒಂದು ಪೆಟ್ಟಿಗೆ, ಅದರಲ್ಲಿ ಕೆಂಪು, ಹಸಿರು ದೀಪ. ಗುಂಡಿ ಒತ್ತಿ ಸರದಿ ಕೇಳಬೇಕು. ಹಸಿರು ಬಂದರೆ ಗುಡ್ಡ ನಿಮ್ಮದು. ಕೆಲಸ ಮುಗಿದ ಮೇಲೆ 'ಮುಗಿಯಿತು' ಎಂಬ ಗುಂಡಿ ಒತ್ತಿದರೆ ಸರದಿ ಮುಂದಿನವರಿಗೆ.

ಹಿಂದಿನ ದಿನ, ಸೋಮವಾರ ಮಧ್ಯಾಹ್ನ ಮೇಲಿನ ಕೋರೆಗೆ ಹಸಿರು ಬಂದಿತ್ತು. ದುರ್ಗೇಶ ಕುಳಿಗೆ ಮದ್ದು ತುಂಬುತ್ತಿದ್ದ. ಆಗ ಕೆಳಗಿನ ಕೋರೆ ಸಿಡಿಯಿತು. ಹಾರಿಬಂದ ಬಂಡೆ ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ಜಜ್ಜಿಹಾಕಿತು. ಉಡುಪಿಯ ಆಸ್ಪತ್ರೆಯಲ್ಲಿ ಆ ಕಾಲನ್ನು ತೆಗೆದರು.

ಶರಣಬಸಪ್ಪ ತನ್ನ ಪೆಟ್ಟಿಗೆಯಲ್ಲಿ ಹಸಿರು ಬಂದ ಮೇಲೆಯೇ ಸಿಡಿಸಿದೆ ಎನ್ನುತ್ತಾನೆ. ಅದನ್ನು ಬೇರೆ ಯಾರೂ ನೋಡಿಲ್ಲ, ಉಳಿದವರೆಲ್ಲ ಮರೆಯಲ್ಲಿದ್ದರು. ಆಮೇಲೆ ನೋಡುವ ಎಂದರೆ ಹಾರಿದ ಕಲ್ಲು ತಗಲಿ ಆ ಪೆಟ್ಟಿಗೆಯ ದೀಪವೂ ಒಡೆದಿತ್ತು. ಕಂಪ್ಯೂಟರಿನ ದಾಖಲೆಯಲ್ಲಿ ಸರದಿ ಸಿಕ್ಕಿದ್ದು ಮೇಲಿನ ಕೋರೆಗೆ ಮಾತ್ರ. ಇನ್ನು ದುರ್ಗೇಶನೋ, ತಾನು ಕಣ್ಣಾರೆ ಹಸಿರು ನೋಡಿಯೇ ಇಳಿದದ್ದು ಎನ್ನುತ್ತಾನೆ. ಎರಡೂ ಕಡೆ ಒಟ್ಟಿಗೆ ಹಸಿರು ಬರುವುದು ಸಾಧ್ಯವೇ ಇಲ್ಲವೆಂದು ಮಣಿಪಾಲದವರು ಬರೆದು ಕೊಟ್ಟಿದ್ದಾರೆ. ಹಾಗಾಗಿ ಪೊಲೀಸರು ಶರಣಬಸಪ್ಪನನ್ನು ಠಾಣೆಯಲ್ಲಿ ಕೂರಿಸಿದ್ದಾರೆ. ದುರ್ಗೇಶ ಅಣ್ಣನ ಮುಖ ನೋಡುವುದಿಲ್ಲ ಎಂದಿದ್ದಾನೆ.

ಝೀಟಾ ಬಾಯಿ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದರು. ಅಪಘಾತ ಆದಮೇಲೆ ಯಾರಾದರೂ 'ಮುಗಿಯಿತು' ಗುಂಡಿ ಒತ್ತಿದರಾ? ಅದೆಲ್ಲಿಂದ ಒತ್ತುತ್ತಾರೆ, ಎಲ್ಲರೂ ದುರ್ಗೇಶನ ಕಡೆ ಓಡಿದರು, ಆ ಮೇಲೆ ಪೊಲೀಸರು ಬಂದು ಇಂಟರ್‌ನೆಟ್ ತಂತಿ ಕಿತ್ತು, ಕಂಪ್ಯೂಟರ್ ಇದ್ದ ಕೋಣೆಗೆ ಬೀಗ ಜಡಿದು ಮೊಹರು ಹಾಕಿದರು ಎಂದಳು ರೇಣುಕವ್ವ. ಇನ್ವರ್ಟರ್ ಇರುವುದರಿಂದ ಅದು ಒಳಗೆ ಇನ್ನೂ ಗುಂಯ್ಗುಡುತ್ತಿದೆಯಂತೆ.

"ಒಳ್ಳೆಯದಾಯಿತು," ಎಂದರು ಬಾಯಿ. "ನಾಳೆ ಬೆಳಿಗ್ಗೆ ಕಾರ್ಕಳಕ್ಕೆ ಹೋಗುವ."

ಸಂಜೆ ಬ್ಯಾಪ್ಟಿಸ್ಟ್ ಕಾಪುವಿನ ಮನೆಗೆ ಬರುವಷ್ಟರಲ್ಲಿ ಜಗಲಿಯಲ್ಲಿ ರಾಯ್‌ಸ್ಟನ್ ಕುಳಿತಿದ್ದ, ಕೈಯಲ್ಲಿ ತಾಜಾ ಬಂಗುಡೆ ಮೀನಿನ ಚೀಲ. ಬ್ಯಾಪ್ಟಿಸ್ಟನ ಮುಖ ಅರಳಿತು. ಜ್ಞಾನಸ್ನಾನದ ದಿನ ಈ ಹುಡುಗನನ್ನು ಎತ್ತಿಕೊಂಡು ನಿಂತ ಧರ್ಮಪಿತ ಅವನೇ. ಹುಡುಗನ ಅಪ್ಪ ಮಸ್ಕತ್ತಿನಲ್ಲಿ ತೀರಿಹೋದ ಮೇಲೆ ಸೈಕಲ್ ಕಲಿಸಿದ್ದು, ಕಾಲೇಜಿಗೆ ಕೈಹಿಡಿದು ಕರೆದುಕೊಂಡು ಹೋದದ್ದು ಎಲ್ಲ ಇವನೇ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಹೆರದ ಬ್ಯಾಪ್ಟಿಸ್ಟನಿಗೆ ಮುದ್ದು ಒಂದು ಹಿಡಿ ಹೆಚ್ಚೇ ಇತ್ತು. ಮಣಿಪಾಲದಲ್ಲಿ ಈಗ ರಾಯ್‌ಸ್ಟನ್‌ನದೇ ಸಣ್ಣ ಸಾಫ್ಟ್‌ವೇರ್ ಕಚೇರಿ. ಕೋರೆಯ ವ್ಯವಸ್ಥೆ ಮಾಡಿಕೊಟ್ಟದ್ದೂ ಅದೇ ಕಚೇರಿ. ಪ್ರೋಗ್ರಾಮು ಬರೆದವಳು ಅವನ ಜೊತೆಗಾರ್ತಿ ಸಿಂಥಿಯಾ, ಬೆಳ್ಮಣ್ಣಿನ ಹುಡುಗಿ.

ಊಟಕ್ಕೆ ಕುಳಿತಾಗ ರಾಯ್‌ಸ್ಟನ್ ಕೋರೆಯ ಸುದ್ದಿ ತೆಗೆದ. ಸಿಂಥಿಯಾ ಊಟ ನಿದ್ರೆ ಬಿಟ್ಟಿದ್ದಾಳೆ, ಆ ಯಂತ್ರವನ್ನು ಒಮ್ಮೆ ಆರಿಸಿ ಹಚ್ಚದಿದ್ದರೆ ಅವಳು ಬರೆದದ್ದೆಲ್ಲ ಕೆಟ್ಟುಹೋಗುತ್ತದೆ, ಪೊಲೀಸರಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು ಎಂದು ಕೊರಗಿದ. ಕಾರ್ಕಳದ ಎಸ್‌ಐ ಕರುಣಾಕರ ನಿಮ್ಮ ಪರಿಚಯದವರಲ್ವಾ ಎಂದು ಮೆಲ್ಲನೆ ಕೇಳಿದ. ಅದು ಹೇಗೆ ಕೆಲಸ ಮಾಡುತ್ತದೆ ಮಾರಾಯ ಎಂದು ಬ್ಯಾಪ್ಟಿಸ್ಟ್ ಕೇಳಿದ್ದಕ್ಕೆ ಮೀನಿನ ಮುಳ್ಳು ತಟ್ಟೆಯ ಬದಿಗೆ ಸರಿಸುತ್ತ ವಿವರಿಸಿದ:

"ಸುಲಭ ಅಂಕಲ್. ಕಂಪ್ಯೂಟರಿನಲ್ಲಿ ಒಂದು ಫೈಲ್ ಉಂಟು. ಆ ಫೈಲ್ ಇದ್ದರೆ ಸರದಿ ಯಾರದ್ದೋ ಕೈಯಲ್ಲಿ ಉಂಟು ಎಂದು ಅರ್ಥ. ಫೈಲ್ ಹೋಯಿತಾ, ಸರದಿಯೂ ಹೋಯಿತು. ಅಷ್ಟೇ."

ಬ್ಯಾಪ್ಟಿಸ್ಟನಿಗೆ ಇಷ್ಟು ಚೆಂದ ಅರ್ಥವಾದದ್ದೇ ಖುಷಿ. ಕೈ ತೊಳೆದು ಅಲ್ಲಿಂದಲೇ ಎಸ್‌ಐಗೆ ಫೋನು ಮಾಡಿದ. ಹುಡುಗ ನಮ್ಮವನೇ, ಮಾತು ನಂಬಬಹುದು ಎಂದ. ನಾಳೆ ಬೆಳಿಗ್ಗೆ ಬಂದು ನನ್ನೆದುರೇ ಆರಿಸಿ ಹಚ್ಚಲಿ ಎಂದು ಎಸ್‌ಐ ಒಪ್ಪಿದರು. ಹೊರಡುವಾಗ ರಾಯ್‌ಸ್ಟನ್ ಕಾಲು ಮುಟ್ಟಿದ. ಬ್ಯಾಪ್ಟಿಸ್ಟ್ ಅವನ ಹಣೆಗೆ ಶಿಲುಬೆಯ ಗುರುತು ಹಾಕಿ ಕಳಿಸಿದ.

ಬೆಳಿಗ್ಗೆ ಉಡುಪಿಯಲ್ಲಿ ಕಾರ್ಕಳದ ಬಸ್ಸು ನಿಂತಿತ್ತು. ಬ್ಯಾಪ್ಟಿಸ್ಟ್ ಅಭ್ಯಾಸದಂತೆ ಕಿಟಕಿಯಿಂದ ಕೈ ತೂರಿಸಿ ಎರಡು ಜನರ ಸೀಟಿನ ಮೇಲೆ ತನ್ನ ಕರ್ಚೀಫು ಹಾಸಿ, ಝೀಟಾ ಬಾಯಿಗೆ ಪೇಪರು ತರಲು ಹೋದ. ಬಂದು ನೋಡಿದರೆ ಆ ಸೀಟಿನಲ್ಲಿ ಒಬ್ಬರು ಮೇಷ್ಟ್ರು, ಪಕ್ಕದಲ್ಲಿ ಅವರ ಕೊಡೆ. ಬ್ಯಾಪ್ಟಿಸ್ಟನ ತಲೆ ಬಿಸಿಯಾಯಿತು. ಇದು ನಾನು ಹಿಡಿದ ಸೀಟು ಎಂದು ಇವನು, ನಾನು ಬಂದಾಗ ಖಾಲಿ ಇತ್ತು, ಕೊಡೆ ಇಟ್ಟು ಹಿಡಿದವನು ನಾನು ಎಂದು ಅವರು. ಬಸ್ಸಿನ ಅರ್ಧ ಜನ ಇವನ ಕಡೆ, ಅರ್ಧ ಜನ ಅವರ ಕಡೆ. ಕೊನೆಗೆ ಕರ್ಚೀಫು ಸಿಕ್ಕಿದ್ದು ಸೀಟಿನ ಕೆಳಗೆ. ಯಾರೋ ಬಿಟ್ಟುಹೋದದ್ದೆಂದು ಕ್ಲೀನರ್ ಕೆಳಗೆ ಬಿಸಾಡಿದ್ದನಂತೆ.

"ಮೇಷ್ಟ್ರೂ ಸುಳ್ಳು ಹೇಳಲಿಲ್ಲ, ನೀವೂ ಹೇಳಲಿಲ್ಲ," ಎಂದರು ಝೀಟಾ ಬಾಯಿ, ಹಿಂದಿನ ಸೀಟಿನಲ್ಲಿ ಇಕ್ಕಟ್ಟಾಗಿ ಕುಳಿತು. ಆಮೇಲೆ ಕಣ್ಣು ಮುಚ್ಚಿ ಏನೋ ಯೋಚಿಸುತ್ತಿದ್ದರು.

ಬಸ್ಸು ಊರು ದಾಟಿದ ಮೇಲೆ ಬ್ಯಾಪ್ಟಿಸ್ಟ್ ಹಿಂದಿನ ಸಂಜೆಯ ಮಾತು ತೆಗೆದ. ತನಗೂ ಈ ವಿದ್ಯೆ ಸ್ವಲ್ಪ ತಿಳಿಯಿತೆಂದು ತೋರಿಸಿಕೊಳ್ಳುವ ಆಸೆ ಪಾಪ. ಫೈಲಿನ ವಿಷಯ ರಾಯ್‌ಸ್ಟನ್ ಹೇಳಿದ ಹಾಗೆಯೇ ಒಪ್ಪಿಸಿದ. ಎಸ್‌ಐಗೆ ಫೋನು ಮಾಡಿದ್ದನ್ನೂ ಹೇಳಿದ. ಝೀಟಾ ಬಾಯಿ ಕಣ್ಣು ತೆರೆದರು.

"ಆರಿಸಲು ಹೇಳಿದಿರಾ? ಯಾರು ಕೇಳಿದ್ದು ನಿಮ್ಮನ್ನು?"

ಅಷ್ಟು ತಣ್ಣಗಿನ ದನಿ ಅವನು ಕೇಳಿರಲಿಲ್ಲ. ಅವರು ಎಸ್‌ಐಗೆ ಮತ್ತೆ ಮತ್ತೆ ಫೋನು ಮಾಡಿದರು, ಎತ್ತಲಿಲ್ಲ. ಆ ಕಂಪ್ಯೂಟರ್ ಒಮ್ಮೆ ಆರಿತೆಂದರೆ ರೇಣುಕವ್ವನ ಪ್ರಶ್ನೆಗೆ ಉತ್ತರ ಯಾವ ಲೋಕದಲ್ಲೂ ಸಿಗುವುದಿಲ್ಲ ಎಂದಷ್ಟೇ ಹೇಳಿ ಕಿಟಕಿಯ ಹೊರಗೆ ನೋಡುತ್ತ ಕುಳಿತರು. ಆ ದಿನ ಬಸ್ಸು ಪ್ರತಿ ಮರಕ್ಕೂ ಒಂದು ನಿಲುಗಡೆ ಕೊಟ್ಟಂತೆ ಬ್ಯಾಪ್ಟಿಸ್ಟನಿಗೆ ಅನಿಸಿತು.

ಕೋರೆಯ ಕಚೇರಿ ತಲುಪಿದಾಗ ಎಸ್‌ಐ ಕರುಣಾಕರ ಬಾಗಿಲಿನ ಮೊಹರು ಒಡೆದಾಗಿತ್ತು. ರಾಯ್‌ಸ್ಟನ್ ಒಳಗೆ ಯಂತ್ರದ ಎದುರು ಬಗ್ಗಿದ್ದ. ಝೀಟಾ ಬಾಯಿ ಬಾಗಿಲಲ್ಲೇ ಹೇಳಿದರು: "ಮುಟ್ಟಬೇಡ ಮಗಾ. ಹೊರಗೆ ಬಾ."

ಅವನು ಬ್ಯಾಪ್ಟಿಸ್ಟನ ಮುಖ ನೋಡಿದ. ಬ್ಯಾಪ್ಟಿಸ್ಟ್ ನಕ್ಕು, ಬಾಯಿ ಹಾಗೇ ಮಾರಾಯ, ಸ್ವಲ್ಪ ಹೊತ್ತು ಹೊರಗೆ ಕೂತುಕೋ ಎಂದ. ರಾಯ್‌ಸ್ಟನ್ ಹೊರಬಂದು ಕಾರಿಗೆ ಒರಗಿ ನಿಂತ. ಅಷ್ಟರಲ್ಲಿ ಸಿಂಥಿಯಾ ಬೆಳ್ಮಣ್ಣಿನ ಬಸ್ಸು ಇಳಿದು ಬಂದಳು. ಪ್ರೋಗ್ರಾಮು ಬರೆದವರು ಯಾರೆಂದು ವಿಚಾರಿಸಿ ಬಾಯಿ ಹಿಂದಿನ ದಿನವೇ ಅವಳಿಗೆ ಬರಲು ಹೇಳಿದ್ದರು. ಅತ್ತು ಅತ್ತು ಅವಳ ಕಣ್ಣು ಊದಿಕೊಂಡಿತ್ತು. ಪ್ರೋಗ್ರಾಮು ತನ್ನದೇ, ಪೈಥಾನಿನಲ್ಲಿ ಬರೆದದ್ದು, ತಪ್ಪಿದ್ದರೆ ತೋರಿಸಿ ಎಂದಳು.

ಬಾಯಿ ಅವಳನ್ನು ಯಂತ್ರದ ಎದುರು ಕೂರಿಸಿ ಒಂದೊಂದೇ ಕೇಳುತ್ತ ಹೋದರು. ಪ್ರತಿ ಕೋರೆಗೂ ಆ ಪ್ರೋಗ್ರಾಮಿನ ಒಂದೊಂದು ಪ್ರತಿ ಓಡುತ್ತಿರುತ್ತದೆ. ಸರದಿ ಬೇಕಾದಾಗ ಅದು ಒಂದು ಫೈಲನ್ನು ತೆರೆದು ಅದಕ್ಕೆ ಬೀಗ ಹಾಕುತ್ತದೆ. ಬೀಗ ಒಂದು ಸಲಕ್ಕೆ ಒಬ್ಬರಿಗೇ. ಇನ್ನೊಬ್ಬರು ಹಾಕಿದ್ದರೆ ಫೈಲು ಮುಚ್ಚಿ, ಸ್ವಲ್ಪ ಹೊತ್ತು ಕಾದು, ಮತ್ತೆ ಹೊಸದಾಗಿ ತೆರೆದು ಕೇಳುತ್ತದೆ. ಬೀಗ ಸಿಕ್ಕಿದರೆ ದಾಖಲೆಯಲ್ಲಿ ಒಂದು ಸಾಲು ಬರೆದು, ಆಮೇಲೆ ಹಸಿರು ದೀಪ ಹಚ್ಚುತ್ತದೆ.

"ಆ ಫೈಲು ಇಲ್ಲದೆ ಹೋದರೆ ಎಂತ ಆಗ್ತದೆ?"

ಸಿಂಥಿಯಾ ಗಾಬರಿಯಾದಳು. "ಅದನ್ನು ತೆಗೆಯಲೇಬಾರದು ಟೀಚರ್. ತೆಗೆಯಬಾರದು ಎಂದು ಪ್ರೋಗ್ರಾಮಿನ ಮೇಲೆಯೇ ಬರೆದಿದ್ದೇನೆ. ಕೆಲಸ ಇಲ್ಲದಾಗಲೂ ಅದು ಅಲ್ಲೇ ಇರಬೇಕು. ಫೈಲ್ ಇದ್ದರೆ ಸರದಿ ಉಂಟು ಎಂದಲ್ಲ. ಬೀಗ ಬಿದ್ದರೆ ಮಾತ್ರ ಸರದಿ."

"ಸರಿ. ಈಗ ಎರಡು ಪ್ರೋಗ್ರಾಮುಗಳೂ ಕೈಯಲ್ಲಿ ಎಂತ ಹಿಡಿದುಕೊಂಡಿವೆ, ತೋರಿಸು."

ಅವಳು ಏನೋ ಬರೆದಳು. ಪರದೆಯಲ್ಲಿ ಸಾಲುಗಳು ಬಂದವು. ಬ್ಯಾಪ್ಟಿಸ್ಟ್ ಕನ್ನಡಕ ಸರಿಮಾಡಿಕೊಂಡು ಬಗ್ಗಿದ. ಎರಡೂ ಪ್ರೋಗ್ರಾಮಿನ ಮುಂದೆ ಅದೇ ಫೈಲಿನ ಹೆಸರಿತ್ತು, ಎರಡೂ ಬೀಗ ಹಾಕಿಕೊಂಡಿದ್ದವು. ಮೇಲಿನ ಕೋರೆಯ ಸಾಲಿನ ಕೊನೆಯಲ್ಲಿ ಮಾತ್ರ 'ಅಳಿಸಲಾಗಿದೆ' ಎಂಬರ್ಥದ ಒಂದು ಇಂಗ್ಲಿಷ್ ಶಬ್ದ. ಸಿಂಥಿಯಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಎಸ್‌ಐ ಅದರ ಫೋಟೋ ತೆಗೆಸಿ, ಕೋಣೆಗೆ ಮತ್ತೆ ಮೊಹರು ಹಾಕಿಸಿದರು.

ಆ ಯಂತ್ರದ ಒಳಹೊಕ್ಕು ಫೈಲು ಅಳಿಸುವ ಅಧಿಕಾರ ಯಾರಿಗಿತ್ತು ಎಂದು ಬಾಯಿ ಕೇಳಿದರು. ಇಬ್ಬರಿಗೆ, ಸಿಂಥಿಯಾಗೆ ಮತ್ತು ರಾಯ್‌ಸ್ಟನ್‌ಗೆ. ಇಬ್ಬರದೂ ಒಂದೇ ಪಾಸ್‌ವರ್ಡ್, ಒಂದೇ ಕಚೇರಿ. ಸೋಮವಾರ ಇಬ್ಬರೂ ಮಣಿಪಾಲದಲ್ಲೇ ಇದ್ದರು. ಆಮೇಲೆ ಕೆಳಗಿನ ಕೋರೆಯ ಮ್ಯಾನೇಜರ್ ಪೀಟರ್‌ನನ್ನು ಕರೆಸಿದರು. ಮೇಲಿನವರು ಕೆಲಸ ಮುಗಿಸಿ ಗುಂಡಿ ಒತ್ತಲು ಮರೆತು ಊಟಕ್ಕೆ ಹೋಗುವುದು ಮಾಮೂಲು, ಹಾಗಾದಾಗಲೆಲ್ಲ 'ಸರದಿ ಸಿಕ್ಕಿಬಿದ್ದಿದೆ' ಎಂದು ಮಣಿಪಾಲದವರ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ, ಉತ್ತರ ಬರುವುದಿಲ್ಲ, ಆದರೆ ಸ್ವಲ್ಪದರಲ್ಲೇ ಸರದಿ ಬರುತ್ತದೆ ಎಂದ ಅವನು. ಸೋಮವಾರವೂ ಹಾಕಿದ್ದನಂತೆ. ಆ ಗುಂಪಿನಲ್ಲಿ ಇಬ್ಬರೂ ಇದ್ದರು.

ಸಿಕ್ಕಿಬಿದ್ದ ಸರದಿಯನ್ನು ನೀನು ಹೇಗೆ ಬಿಡಿಸುತ್ತೀ ಎಂದು ಬಾಯಿ ಸಿಂಥಿಯಾಳನ್ನು ಕೇಳಿದರು. ಅದಕ್ಕೊಂದು ಆಜ್ಞೆ ಬರೆದಿಟ್ಟಿದ್ದೇನೆ, ಅದನ್ನು ಕೊಟ್ಟರೆ ಮೊದಲು ಮೇಲಿನ ಕೋರೆಯಲ್ಲಿ ಸೈರನ್ ಕೂಗುತ್ತದೆ, ದೀಪ ಕೆಂಪಾಗುತ್ತದೆ, ಆಮೇಲೆಯೇ ಬೀಗ ಬಿಡುತ್ತದೆ ಎಂದಳು. ಸೋಮವಾರ ಸೈರನ್ ಕೇಳಿದವರು ಯಾರೂ ಇಲ್ಲವೆಂದು ಎಸ್‌ಐ ಹೇಳಿದರು.

ಹಿಂದಿರುಗುವಾಗ ಬ್ಯಾಪ್ಟಿಸ್ಟನ ಮನಸ್ಸು ನಿರಾಳವಾಗಿತ್ತು. ಇಬ್ಬರಲ್ಲಿ ಒಬ್ಬರು, ಹಾಗಾದರೆ ಆ ಹುಡುಗಿಯೇ. ಅಷ್ಟು ಅತ್ತದ್ದೂ ನಾಟಕವಿರಬೇಕು. ಪಾಪ, ರಾಯ್‌ಸ್ಟನ್ ಅವಳಿಗಾಗಿ ಎಷ್ಟು ಒದ್ದಾಡಿದ ಎಂದು ಅವನು ಬಾಯಿಯ ಹತ್ತಿರ ಹೇಳಿಯೂ ಹೇಳಿದ. ಝೀಟಾ ಬಾಯಿ ಪೇಪರು ಮಡಿಸಿಟ್ಟರು. ಇಳಿಯುವಾಗ ಮಾತ್ರ ಅವನ ಭುಜದ ಮೇಲೆ ಕೈಯಿಟ್ಟು ಒಂದು ಕ್ಷಣ ನಿಂತರು.

ಮರುದಿನ ಎಲ್ಲರೂ ಸೇರಿದ್ದು ಆಸ್ಪತ್ರೆಯಲ್ಲಿ, ದುರ್ಗೇಶನ ಮಂಚದ ಸುತ್ತ. ಮಾತು ಅವನ ಎದುರೇ ಆಗಬೇಕು ಎಂದು ಬಾಯಿ ಹಟ ಹಿಡಿದಿದ್ದರು. ಹೊದಿಕೆ ಬಲಗಡೆ ಮೊಣಕಾಲಿನಿಂದಾಚೆ ಹಾಸಿಗೆಗೆ ಅಂಟಿ ಮಲಗಿತ್ತು. ತಲೆಯ ಹತ್ತಿರ ರೇಣುಕವ್ವ ನಿಂತಿದ್ದಳು. ಎಸ್‌ಐ ಜೊತೆ ಬಂದ ಶರಣಬಸಪ್ಪ ಬಾಗಿಲು ದಾಟಿ ಒಳಗೆ ಬರಲಿಲ್ಲ. ದುರ್ಗೇಶ ಅವನನ್ನು ಕಂಡದ್ದೇ ಗೋಡೆಯ ಕಡೆ ತಿರುಗಿದ. ಪೀಟರ್, ಸಿಂಥಿಯಾ, ರಾಯ್‌ಸ್ಟನ್ ಕಿಟಕಿಯ ಹತ್ತಿರ ನಿಂತರು. ಬ್ಯಾಪ್ಟಿಸ್ಟ್ ರಾಯ್‌ಸ್ಟನ್‌ನ ಪಕ್ಕದಲ್ಲೇ ಜಾಗ ಮಾಡಿಕೊಂಡ.

ಝೀಟಾ ಬಾಯಿ ಬಸ್ಸಿನ ಕರ್ಚೀಫಿನಿಂದ ಶುರುಮಾಡಿದರು. ನಮ್ಮ ಕಡೆ ಬಸ್ಸಿನಲ್ಲಿ ಕರ್ಚೀಫು ಹಾಕಿದರೆ ಸೀಟು ಹಿಡಿದಂತೆ, ಎಲ್ಲರೂ ಅದನ್ನು ಮನ್ನಿಸುತ್ತಾರೆ. ನಡುವೆ ಮೂರನೆಯವನೊಬ್ಬ ಕರ್ಚೀಫನ್ನು ತೆಗೆದು ಬಿಸಾಡಿದ ಎನ್ನಿ. ಹೊರಗೆ ಹೋದವನಿಗೆ ಅದು ಗೊತ್ತಿಲ್ಲ, ಸೀಟು ತನ್ನದೇ ಎಂದುಕೊಂಡಿರುತ್ತಾನೆ. ಹೊಸದಾಗಿ ಬಂದವನಿಗೆ ಸೀಟು ಖಾಲಿ ಕಾಣುತ್ತದೆ, ಅವನೂ ತನ್ನ ವಸ್ತು ಇಡುತ್ತಾನೆ. ಇಬ್ಬರೂ ಪ್ರಾಮಾಣಿಕರೇ.

"ಕೋರೆಯ ಕಂಪ್ಯೂಟರಿನಲ್ಲಿ ಆದದ್ದೂ ಇದೇ," ಎಂದರು. "ಮೇಲಿನ ಕೋರೆ ಫೈಲಿಗೆ ಬೀಗ ಹಾಕಿ ಕುಳಿತಿತ್ತು. ಯಾರೋ ಮಣಿಪಾಲದಿಂದ ಆ ಫೈಲನ್ನೇ ಅಳಿಸಿದರು. ಬೀಗ ಹಾಕಿದವನ ಕೈಯಿಂದ ಅದು ಹೋಗುವುದಿಲ್ಲ. ಅವನು ಹಳೆಯದನ್ನು ಹಿಡಿದುಕೊಂಡೇ ಇರುತ್ತಾನೆ, ಅವನ ದೀಪ ಹಸಿರಾಗಿಯೇ ಇರುತ್ತದೆ. ಕೆಳಗಿನ ಕೋರೆ ಮತ್ತೆ ಬಂದು ಕೇಳಿತು. ಆ ಹೆಸರಿನ ಫೈಲು ಇರಲಿಲ್ಲವಾದ್ದರಿಂದ ಹೊಸದು ಹುಟ್ಟಿತು. ಹೊಸದಕ್ಕೆ ಬೀಗ ಯಾರೂ ಹಾಕಿರಲಿಲ್ಲ. ಅದಕ್ಕೂ ಹಸಿರು ಬಂತು. ಅಣ್ಣ ನೋಡಿದ ಹಸಿರೂ ನಿಜ, ತಮ್ಮ ನೋಡಿದ ಹಸಿರೂ ನಿಜ."

ದುರ್ಗೇಶ ಗೋಡೆಯಿಂದ ತಿರುಗಿದ. ಸಾಕ್ಷಿ ಏನೆಂದು ಪೀಟರ್ ಕೇಳಿದ. ಯಂತ್ರವನ್ನು ಯಾರೂ ಆರಿಸದೆ ಬಿಟ್ಟದ್ದೇ ಸಾಕ್ಷಿ ಎಂದರು ಬಾಯಿ. ಅಪಘಾತದ ಗಡಿಬಿಡಿಯಲ್ಲಿ ಎರಡೂ ಕಡೆ 'ಮುಗಿಯಿತು' ಗುಂಡಿ ಒತ್ತಿರಲಿಲ್ಲ. ಹಾಗಾಗಿ ಎರಡೂ ಪ್ರೋಗ್ರಾಮುಗಳು ತಮ್ಮ ತಮ್ಮ ಬೀಗ ಹಿಡಿದುಕೊಂಡೇ ಇದ್ದವು, ಒಂದು ಅಳಿಸಿದ ಫೈಲನ್ನು, ಒಂದು ಹೊಸದನ್ನು. ಕೆಳಗಿನ ಕೋರೆಗೆ ಬೀಗ ಸಿಕ್ಕಿದ್ದರೆ ದಾಖಲೆಯಲ್ಲಿ ಆ ಸಾಲು ಇರಲೇಬೇಕು, ದೀಪ ಹಚ್ಚುವ ಮೊದಲು ಬರೆಯುವಂಥದ್ದು ಅದು. ಇಲ್ಲವೆಂದರೆ ಅದನ್ನು ಆಮೇಲೆ ತೆಗೆದಿದ್ದಾರೆ.

"ಇನ್ನು ಯಾರು ಎಂಬುದು. ಸಿಂಥಿಯಾ ಆಗಿದ್ದರೆ ತಾನೇ ಬರೆದ ಆಜ್ಞೆ ಕೊಡುತ್ತಿದ್ದಳು, ಸೈರನ್ ಕೂಗುತ್ತಿತ್ತು. ಫೈಲು ತೆಗೆದರೆ ಬೀಗ ಹೋಗುವುದಿಲ್ಲ ಎಂದು ಅವಳಿಗೆ ಗೊತ್ತು. ಫೈಲು ಹೋದರೆ ಸರದಿಯೂ ಹೋಗುತ್ತದೆ ಎಂದು ತಪ್ಪು ತಿಳಿದವನು ಮಾತ್ರ ಇದನ್ನು ಮಾಡಿಯಾನು." ಬಾಯಿ ತಿರುಗಿದರು. "ಬ್ಯಾಪ್ಟಿಸ್ಟರೇ, ಮಂಗಳವಾರ ಸಂಜೆ ನಿಮ್ಮ ಮನೆಯ ಊಟದ ಮೇಜಿನಲ್ಲಿ ಆ ಫೈಲಿನ ವಿಷಯ ನಿಮಗೆ ಹೇಳಿದ ಮಾತನ್ನು ಇವರಿಗೆ ಹೇಳಿ."

ಕೋಣೆಯೆಲ್ಲ ಅವನ ಕಡೆ ನೋಡಿತು. ಬ್ಯಾಪ್ಟಿಸ್ಟನಿಗೆ ಈಗ ಅರ್ಥವಾಯಿತು ಎಲ್ಲ. ಬಂಗುಡೆಯ ಚೀಲ ಯಾಕೆ ಬಂತು, ಕಾಲು ಯಾಕೆ ಮುಟ್ಟಿದ, ಆರಿಸಿ ಹಚ್ಚುವ ಆತುರ ಯಾಕೆ. ಅವನು ಹಾಕಿದ ಶಿಲುಬೆಯ ಗುರುತಿನಡಿಯಲ್ಲೇ ಸುಳ್ಳು ಕುಳಿತಿತ್ತು. ಅಯ್ಯೋ, ಅವನ ಮಾತು ನಂಬಬಹುದು ಎಂದು ಇವನೇ ಬಾಯಿಬಿಟ್ಟು ಹೇಳಿದ್ದನಲ್ಲ! ಮರೆತುಹೋಯಿತು ಎಂದರೆ ಯಾರೂ ಒತ್ತಾಯಿಸಲಾರರು, ವಯಸ್ಸಾದವನು. ರಾಯ್‌ಸ್ಟನ್ ಅವನ ಮೊಣಕೈ ಹಿಡಿದು, "ಅಂಕಲ್," ಎಂದ, ಅಷ್ಟೇ.

ಮಂಚದ ಮೇಲಿನ ಹುಡುಗ ಇವನನ್ನೇ ನೋಡುತ್ತಿದ್ದ. ಬ್ಯಾಪ್ಟಿಸ್ಟ್ ಮೊಣಕೈ ಬಿಡಿಸಿಕೊಂಡ.

"'ಫೈಲ್ ಹೋಯಿತಾ, ಸರದಿಯೂ ಹೋಯಿತು. ಅಷ್ಟೇ.' ಹೀಗೆ ಹೇಳಿದ್ದು ರಾಯ್‌ಸ್ಟನ್. ಆರಿಸಿ ಹಚ್ಚಲು ಎಸ್‌ಐಯವರಿಗೆ ಹೇಳಿ ಎಂದು ನನ್ನನ್ನು ಕೇಳಿದ್ದೂ ಅವನೇ."

ರಾಯ್‌ಸ್ಟನ್ ಮೊದಲು ಇಲ್ಲವೆಂದ. ಹಾಗೆ ಯಾರು ಬೇಕಾದರೂ ಹೇಳಬಹುದು ಎಂದ. ಆಮೇಲೆ ಸಿಂಥಿಯಾಳ ಮುಖ ನೋಡಿದವನೇ ಕುಸಿದ. ಪೀಟರ್ ದಿನಾ ದೂರುತ್ತಿದ್ದ, ಈ ವ್ಯವಸ್ಥೆ ಬೇಡ, ಬೇರೆಯವರಿಗೆ ಕೊಡುತ್ತೇವೆ ಎನ್ನುತ್ತಿದ್ದ, ಅದಕ್ಕೇ ಎಷ್ಟೋ ಸಲ ಹಾಗೆ ಬಿಡಿಸಿದ್ದೆ, ಯಾವತ್ತೂ ಏನೂ ಆಗಿರಲಿಲ್ಲ ಎಂದು ಒದರಿದ. ಆಗೆಲ್ಲ ಮೇಲಿನವರು ಊಟಕ್ಕೆ ಹೋಗಿದ್ದರು, ಹಸಿರು ಉಳಿದದ್ದನ್ನು ನೋಡುವವರು ಇರಲಿಲ್ಲ. ಸೋಮವಾರ ಮಾತ್ರ ಅವರು ನಿಜವಾಗಿಯೂ ಕೆಲಸದಲ್ಲಿದ್ದರು.

"ಅಳಿಸಿದ್ದು ನಿನ್ನ ತಿಳಿಗೇಡಿತನ," ಎಂದರು ಝೀಟಾ ಬಾಯಿ. "ದಾಖಲೆಯಿಂದ ಆ ಸಾಲು ತೆಗೆದದ್ದು ತಿಳಿದೇ ಮಾಡಿದ್ದು. ಒಬ್ಬನ ಕಾಲು ಜಜ್ಜಿಹೋದ ಸುದ್ದಿ ಕೇಳಿದ ಮೇಲೆ, ಅವನ ಅಣ್ಣನನ್ನು ಠಾಣೆಗೆ ಕಳಿಸಿದೆ. ಅದು ಸಾಲದೆ ಇದ್ದರೆ ಈ ಹುಡುಗಿಯನ್ನೂ ಕಳಿಸುತ್ತಿದ್ದೆ."

ಸಿಂಥಿಯಾ ಅವನಿಂದ ದೂರ ಸರಿದು ನಿಂತಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಎಸ್‌ಐ ರಾಯ್‌ಸ್ಟನ್‌ನ ತೋಳು ಹಿಡಿದರು. ಹೋಗುವಾಗ ಅವನು ಬ್ಯಾಪ್ಟಿಸ್ಟನ ಎದುರು ನಿಂತು, ಜಾಮೀನಿಗೆ ನೀವಾದರೂ ಬರುತ್ತೀರಲ್ವಾ ಅಂಕಲ್ ಎಂದ.

"ನಿನ್ನನ್ನು ಎತ್ತಿಕೊಂಡ ಕೈ ಇದು," ಎಂದ ಬ್ಯಾಪ್ಟಿಸ್ಟ್. "ಇದನ್ನೇ ಹಿಡಿದು ಸಾಕ್ಷಿ ಒರೆಸಲು ಹೊರಟೆಯಲ್ಲ. ಹೋಗು ಮಾರಾಯ." ಕಣ್ಣು ತುಂಬಿದ್ದನ್ನು ಅವನು ಒರೆಸಿಕೊಳ್ಳಲೂ ಇಲ್ಲ.

ಉಳಿದವರು ಒಬ್ಬೊಬ್ಬರಾಗಿ ಹೊರಟರು. ಶರಣಬಸಪ್ಪನನ್ನು ಬಿಡಲಾಗಿದೆ ಎಂದು ಪೇದೆ ಹೇಳಿಹೋದ. ಅವನು ಬಾಗಿಲಿಗೆ ಒರಗಿ ಹಾಗೇ ನಿಂತಿದ್ದ. ಮಂಚದ ಮೇಲೆ ದುರ್ಗೇಶ ಅಳುತ್ತಿದ್ದ. ಅಣ್ಣಾ, ನಿಂದೇನೂ ತಪ್ಪಿಲ್ಲ, ಒಳಗ ಬಾ ಎಂದು ಕೈಚಾಚಿದ. ಈಗ ಗೊತ್ತಾತು ಬಾರೋ, ನೀ ಹೇಳಿದ್ದು ಖರೇ ಐತಿ, ಆ ಮಷೀನೇ ತೋರಿಸ್ತು ಎಂದಳು ರೇಣುಕವ್ವ.

ಶರಣಬಸಪ್ಪ ತಾಯಿಯ ಮುಖ ನೋಡಿದ, ತಮ್ಮನ ಮುಖ ನೋಡಿದ.

"ಅವತ್ತು ನಾ ಸುಳ್ಳುಗಾರ ಅಂತ ಮಷೀನ್ ಹೇಳಿತು, ನಂಬಿದ್ರಿ. ಇವತ್ತು ನಾ ಖರೇ ಅಂತ ಮಷೀನ್ ಹೇಳಿತು, ನಂಬಿದ್ರಿ. ಎರಡು ಸಲಾನೂ ನಾ ಹೇಳಿದ್ದು ಒಂದ ಮಾತು, ಯವ್ವಾ. ನನ್ನ ಮಾತು ಯಾವಾಗ ನಂಬ್ತೀರಿ?"

ಅವನು ತಿರುಗಿ ಹೊರಟ. ದುರ್ಗೇಶ ಏಳಲು ಹೋಗಿ, ಇಲ್ಲದ ಕಾಲನ್ನು ಮರೆತು, ಮಂಚದ ಕಂಬಿ ಹಿಡಿದುಕೊಂಡ. ರೇಣುಕವ್ವ ಮಗನ ಹಿಂದೆ ಓಡಿದಳು. ಬ್ಯಾಪ್ಟಿಸ್ಟ್ ಹೊರಗೆ ಬಂದಾಗ ಅವಳು ಮೆಟ್ಟಿಲಿನ ತುದಿಯಲ್ಲಿ ನಿಂತು, ಶರಣಾ, ಶರಣಾ ಎಂದು ಕರೆಯುತ್ತಿದ್ದಳು. ಕೆಳಗಿನ ಮೆಟ್ಟಿಲಲ್ಲಿ ಅವನು ನಿಂತ. ತಿರುಗಿ ಮಾತ್ರ ನೋಡಲಿಲ್ಲ.